ತಿಪ್ಪೇಶ ವಿಮಾನ ಇಳಿಸಿದ್ದು

ಗೌರಕ್ಕನ ಮಗ ತಿಪ್ಪೇಶನಿಗೆ ಇಪ್ಪತ್ತಾರು ತುಂಬಿತ್ತು. ಮೈ ಬಗ್ಗಿಸಿ ದುಡಿಯುತ್ತಿದ್ದ, ಸುಳ್ಳು ಗೊತ್ತಿರಲಿಲ್ಲ, ಹೇಳಿದ ಮಾತು ಮೀರುತ್ತಿರಲಿಲ್ಲ. ಮೀರದೇ ಇದ್ದದ್ದೇ ತೊಂದರೆ. ಹಾಲು ಉಕ್ಕುತ್ತೆ, ನೋಡ್ತಿರು ಅಂದರೆ ಉಕ್ಕಿ ಒಲೆ ಆರುವ ತನಕ ನೋಡುತ್ತಿದ್ದ. ಆಮೇಲೆ ಬಂದು, ನೋಡಿದೆ ಅವ್ವಾ, ಚೆನ್ನಾಗಿ ಉಕ್ಕಿತು ಅನ್ನುತ್ತಿದ್ದ. ಚಳ್ಳಕೆರೆಯ ಯಾವ ಅಂಗಡಿಯಲ್ಲೂ ಅವನು ಒಂದು ವಾರದ ಮೇಲೆ ನಿಲ್ಲಲಿಲ್ಲ. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಒಂದು ಮಾತನ್ನ ಬಿಡಿಸಿ ಹೇಳೋರು ಯಾರು ಅಂತ ಗೌರಕ್ಕ ಒಳಗೊಳಗೇ ಬೇಯುತ್ತಿದ್ದಳು.

ಅವರ ಮನೆಯ ತೊಲೆಗೆ ಒಂದು ಪುಟ್ಟ ವಿಮಾನ ನೇತಾಡುತ್ತಿತ್ತು. ತೀರಿಹೋದ ಗಂಡ ಪಾಲಯ್ಯ ಹಗುರ ಮರ ಕೆತ್ತಿ ಕೈಯಾರೆ ಮಾಡಿ, ರಿಮೋಟ್ ಹಿಡಿದು ಹಾರಿಸುತ್ತಿದ್ದ ವಿಮಾನ. ಅವನು ಬಯಲಲ್ಲಿ ಹಾರಿಸುವಾಗೆಲ್ಲ ಗೌರಕ್ಕ ಒಲೆ ಮುಂದೆ ಇರುತ್ತಿದ್ದಳು. ಅದು ಹಾರಿದ್ದನ್ನು ಒಂದು ಸಲವೂ ಕಂಡವಳಲ್ಲ.

ರೇಡಿಯೋ ರಿಪೇರಿ ಮಾಡುವ ಖಾದರ್ ಸಾಹೇಬರು ಪಾಲಯ್ಯನ ಗೆಳೆಯರು. ಗೌರಕ್ಕ ಅವರ ಹತ್ತಿರ ಹೋಗಿ ಒಂದೇ ಉಸಿರಿಗೆ ಎರಡು ಮಾತು ಕೇಳಿದಳು. ಆ ವಿಮಾನ ಒಮ್ಮೆ ಹಾರಬೇಕು, ಈ ಹುಡುಗನಿಗೆ ನಿಮ್ಮ ಅಂಗಡಿಯಲ್ಲಿ ಒಂದು ಮೂಲೆ ಸಿಗಬೇಕು. ಸಾಹೇಬರು ಮನೆಗೆ ಬಂದು ವಿಮಾನ ತಿರುವಿ ನೋಡಿದರು. ಮೈ ಗಟ್ಟಿಯಾಗಿದೆ, ಕರುಳು ಹಳತಾಗಿದೆ ಅಂದರು. ರಿಮೋಟಿನ ಮಾತು ಕೇಳಿಸಿಕೊಳ್ಳುವ ಡಬ್ಬಿ, ಬಾಲ ಆಡಿಸುವ ಪುಟ್ಟ ಮೋಟರುಗಳು, ಊದಿಕೊಂಡ ಬ್ಯಾಟರಿ, ಇವೆಲ್ಲ ಹೋಗಿ ಹೊಸವು ಬರಬೇಕು. ರಿಮೋಟೂ ಹೊಸದಾಗಬೇಕು. ಆದರೆ ಕೆಲಸವನ್ನು ತಿಪ್ಪೇಶನೇ ಮಾಡಲಿ. ವಿಮಾನ ಹಾರಿ ನೆಟ್ಟಗೆ ನೆಲಕ್ಕೆ ಬಂದರೆ ಅಂಗಡಿಯಲ್ಲಿ ಜಾಗ ಕೊಡ್ತೀನಿ ಅಂದರು.

"ಹಳೇದನ್ನೆಲ್ಲ ಬಿಚ್ಚಿ ತಗೊಂಡು ಬಾ" ಅಂತ ಹೇಳಿ ಹೋದರು.

ಮಾರನೆಯ ದಿನ ತಿಪ್ಪೇಶ ಒಂದು ಗೋಣಿಚೀಲ ಹೊತ್ತು ಅಂಗಡಿಗೆ ಹೋದ. ಚೀಲದಲ್ಲಿ ಡಬ್ಬಿ ಇತ್ತು, ಮೋಟರುಗಳಿದ್ದವು, ಬ್ಯಾಟರಿ ಇತ್ತು. ರೆಕ್ಕೆಯೂ ಇತ್ತು, ಬಾಲವೂ ಇತ್ತು, ಗಾಲಿಯೂ ಇತ್ತು. ಎಲ್ಲಾ ಹಳೇದೇ ಅಲ್ವಾ ಸಾಹೇಬ್ರೇ ಅಂದ. ಸಾಹೇಬರು ಬೈದರು. ಬೈದು ಬುದ್ಧಿ ಹೇಳಿದರು: ಇನ್ನು ಮುಂದೆ ಯಾವುದನ್ನೇ ಮುಟ್ಟೋಕೆ ಮುಂಚೆ ಅದರ ಮೇಲೆ ಹೆಸರು ಬರೆದ ಚೀಟಿ ಅಂಟಿಸು, ಯಾವುದು ಏನು ಅಂತ ತಿಳಿಯುತ್ತೆ. ಇಬ್ಬರೂ ಕೂತು ರೆಕ್ಕೆ ಬಾಲ ಜೋಡಿಸಿದರು. ಹೊಸ ಡಬ್ಬಿ, ಹೊಸ ಮೋಟರು ಕೂರಿಸಿದರು. ತಿಪ್ಪೇಶನ ಬೆರಳು ಸಣ್ಣ ತಿರುಪುಗಳನ್ನು ಎಷ್ಟು ನಾಜೂಕಾಗಿ ಹಿಡಿಯುತ್ತದೆ ಅನ್ನೋದನ್ನು ಸಾಹೇಬರು ಗಮನಿಸಿದರು. ಹೊಸ ಬ್ಯಾಟರಿ ಕೈಗಿಟ್ಟು, ಮನೆಯಲ್ಲಿ ಚಾರ್ಜ್ ಮಾಡ್ಕೊಂಡು ಬಾ ಅಂತ ಕಳಿಸಿದರು.

ಮರುದಿನ ಸಂಜೆ ಗೌರಕ್ಕ ನಲ್ಲಿಯಿಂದ ನೀರು ತರುವಾಗ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಮನೆಗೆ ಬಂದು ಬೆನ್ನು ತಡವಿಕೊಂಡರೆ ಒಂದು ಚೀಟಿ ಕೈಗೆ ಬಂತು. ಅದರ ಮೇಲೆ 'ಅವ್ವ' ಅಂತ ದುಂಡಗೆ ಬರೆದಿತ್ತು. ಮನೆ ತುಂಬ ತಿಪ್ಪೇಶನ ಚೀಟಿಗಳೇ, ಚೊಂಬಿಗೆ ಚೊಂಬು ಅಂತ, ಬಾಗಿಲಿಗೆ ಬಾಗಿಲು ಅಂತ. ಬ್ಯಾಟರಿಯ ಪಿನ್ನಿನ ಮೇಲೂ 'ಪಿನ್ನು' ಅಂತ ಅಂಟಿಸಿ, ಚೀಟಿಯ ಸಮೇತ ಚಾರ್ಜರಿಗೆ ಸಿಕ್ಕಿಸಿದ್ದ. ದಿನವಿಡೀ ಇಟ್ಟರೂ ಒಂದು ಹನಿ ಕರೆಂಟು ಒಳಗೆ ಹೋಗಿರಲಿಲ್ಲ. ಗೌರಕ್ಕ ಬೈಯಲು ಬಾಯಿ ತೆರೆದಳು. ಆದರೆ ಬೆರಳ ನಡುವಿನ ಚೀಟಿ ನೋಡಿ, ಅದನ್ನು ಮಡಿಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಬೈಯುವ ಕೆಲಸ ಸಾಹೇಬರೇ ಮಾಡಿದರು. ಚೀಟಿ ಕಿತ್ತು ಹಾಕಿ, ಹೊಸ ಬ್ಯಾಟರಿ ಅಂದ್ರೆ ಹಸುಗೂಸು ಇದ್ದ ಹಾಗೆ ಅಂದರು. ಚಾರ್ಜ್ ಆಗೋವಾಗ ಬಿಟ್ಟು ಹೋಗಬಾರದು, ಬಿಸಿ ತಾಗಬಾರದು, ಪೆಟ್ಟು ಬೀಳಬಾರದು. ಹಾಗೆ ನೋಡ್ಕೋ.

ತಿಪ್ಪೇಶ ಹಾಗೇ ನೋಡಿಕೊಂಡ. ಪಕ್ಕದಲ್ಲೇ ಕೂತು ಚಾರ್ಜ್ ಮಾಡಿದ. ಆಮೇಲೆ ಅವ್ವನ ಹಳೆ ಸೀರೆ ಸುತ್ತಿ, ಮೊರದಲ್ಲಿ ಮಲಗಿಸಿ, ದೃಷ್ಟಿ ಆಗದಿರಲಿ ಅಂತ ಕಾಡಿಗೆ ಬೊಟ್ಟಿಟ್ಟ. ಸಾಹೇಬರು ವಿಮಾನದೊಳಗೆ ಇಡಲು ಕೇಳಿದಾಗ ಎದೆಗೆ ಅವುಚಿಕೊಂಡು ಹಿಂದೆ ಸರಿದ. ಹಸುಗೂಸನ್ನ ಯಾರಾದ್ರೂ ಅಷ್ಟೆತ್ತರಕ್ಕೆ ಕಳಿಸ್ತಾರಾ ಅಂದ. ಅವನ ಕಣ್ಣಲ್ಲಿ ನೀರಿತ್ತು. ಸಾಹೇಬರು ಕಾಡಿಗೆ ಒರೆಸಿ, ಅದು ಮಗುವಲ್ಲಪ್ಪಾ, ಯಂತ್ರ ಅಂತ ತಿಳಿಹೇಳಿದರು. ಯಂತ್ರದ ಹತ್ತಿರ ಯೋಚನೆ ಮಾಡ್ತಾ ನಿಲ್ಲಬಾರದು. ಹೇಳಿದ್ದನ್ನ ಹೇಳಿದ ಕ್ಷಣಕ್ಕೆ ಮಾಡು. ಇಳಿಸಿದ ಮೇಲೆ ಮರೀದೆ ಸ್ವಿಚ್ ಆರಿಸು.

ಭಾನುವಾರ ಬೆಳಿಗ್ಗೆ ಮೂವರೂ ಶೇಂಗಾ ಕಿತ್ತ ಹೊಲಕ್ಕೆ ಹೋದರು. ಸಾಹೇಬರು ರಿಮೋಟ್ ಹಿಡಿದರು, ತಿಪ್ಪೇಶ ಎತ್ತಿ ತೂರಿದ, ವಿಮಾನ ಹೊರಟೇಬಿಟ್ಟಿತು. ಗೌರಕ್ಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಪಾಲಯ್ಯ ಊಟ ತಣ್ಣಗಾದರೂ ಯಾಕೆ ಬರುತ್ತಿರಲಿಲ್ಲ ಅಂತ ಆಗ ತಿಳಿಯಿತು. ಇಷ್ಟು ವರ್ಷ ಅವನ ಮೇಲಿದ್ದ ಒಂದು ಸಣ್ಣ ಮುನಿಸು ಅಲ್ಲೇ ಕರಗಿತು.

ಸಾಹೇಬರು ರಿಮೋಟನ್ನು ತಿಪ್ಪೇಶನ ಕೈಗೆ ಕೊಟ್ಟರು. ಎಡ ಅಂದರೆ ಎಡಕ್ಕೆ, ಬಲ ಅಂದರೆ ಬಲಕ್ಕೆ, ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಇಂಥ ಕೈ ನಾನು ನೋಡಿಲ್ಲ ಗೌರಕ್ಕಾ ಅಂದರು. ಆಮೇಲೆ, "ಸಾಕು ತಿಪ್ಪೇಶ, ಇನ್ನು ಮೆಲ್ಲಗೆ ಇಳಿಸು" ಅಂದರು.

ತಿಪ್ಪೇಶ ಮೊಣಕಾಲೂರಿ, ರಿಮೋಟನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ. ಮರೆಯದೆ ಸ್ವಿಚ್ ಆರಿಸಿದ.

ಮೇಲೆ ಮೋಟರಿನ ಸದ್ದು ನಿಂತಿತು. ಸಾಹೇಬರು ಎದೆ ಹಿಡಿದುಕೊಂಡು ಕೂತುಬಿಟ್ಟರು. ಹಳೇ ಡಬ್ಬಿ ಆಗಿದ್ದರೆ ವಿಮಾನ ತಲೆಕೆಳಗಾಗಿ ಬೀಳುತ್ತಿತ್ತು. ಹೊಸ ಡಬ್ಬಿಗೆ ಮಾತ್ರ, ರಿಮೋಟಿನ ಮಾತು ನಿಂತರೆ ಮೋಟರು ನಿಲ್ಲಿಸಿ ಬಾಲವನ್ನು ಹದಕ್ಕೆ ತರುವುದು ಗೊತ್ತಿತ್ತು. ವಿಮಾನ ದೊಡ್ಡ ಸುತ್ತು ಹಾಕುತ್ತ, ಹದ್ದಿನ ಹಾಗೆ ತೇಲುತ್ತ ಬಂದು ಕಿತ್ತು ಹಾಕಿದ್ದ ಶೇಂಗಾ ಬಳ್ಳಿಯ ಮೇಲೆ ಕೂತಿತು.

"ಇಳಿಸು ಅಂದ್ರಿ, ಇಳಿಸಿದೆ" ಅಂದ ತಿಪ್ಪೇಶ. "ಅದೂ ಇಳೀತು."

ಸಾಹೇಬರು ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡರು. ಮಾತು ಮಾತೇ, ಸೋಮವಾರ ಅಂಗಡಿಗೆ ಬಾ ಅಂದರು. ಆಮೇಲೆ, "ಅಲ್ಲಿವರೆಗೆ ದಯವಿಟ್ಟು ಏನನ್ನೂ ಮುಟ್ಟಬೇಡ" ಅಂತ ಸೇರಿಸಿದರು.

ಹಾಗಾಗಿ ವಿಮಾನವನ್ನು ಗೌರಕ್ಕನೇ ತಲೆಯ ಮೇಲೆ ಹೊತ್ತು ನಡೆದಳು. ತಿಪ್ಪೇಶ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಜೊತೆಗೆ ಬಂದ. ಬಾಗಿಲು ಅವಳೇ ತೆಗೆದಳು. ಮುದ್ದೆ ಸಾರು ಬಡಿಸಿದಳು. ಅವನು ತಟ್ಟೆ ನೋಡುತ್ತ, ಹಸಿದ ಹೊಟ್ಟೆಯಲ್ಲಿ, ಕಟ್ಟಿದ ಕೈ ಬಿಚ್ಚದೆ ಕೂತ.

"ನಾಳೆವರೆಗೂ ಹೀಗೇನಾ?" ಅಂದಳು ಗೌರಕ್ಕ.

ಸೋಮವಾರದವರೆಗೆ ಅಂದಿದಾರೆ ಅವ್ವಾ ಅಂದ ತಿಪ್ಪೇಶ.

ಅವಳು ಅವನ ಪಕ್ಕ ಕೂತಳು, ಮುದ್ದೆ ಮುರಿದು ಸಾರಿಗದ್ದಿ, ಇಪ್ಪತ್ತಾರು ವರ್ಷದ ಮಗನ ಬಾಯಿಗೆ ತುತ್ತಿಟ್ಟಳು.