ಬಟ್ಟೆ ಸುತ್ತಿದ ಗಂಟೆ

ಹೊಳೆಯ ನಡುಗಡ್ಡೆಯ ಆಶ್ರಮದಲ್ಲಿ ಇದ್ದವರು ಇಬ್ಬರೇ, ಗುರುಗಳು ಮತ್ತು ಶಂಭುಲಿಂಗ ಎಂಬ ಹೊಸ ಶಿಷ್ಯ. ಗುರುಗಳು ಮಾತಿನಲ್ಲಿ ಬಲು ಜಿಪುಣರು. ಹಾಗಾಗಿ ಶಂಭುಲಿಂಗ ಒಲೆಯ ಮೇಲಿನ ಗಂಜಿಯ ಜೊತೆ ಮಾತಾಡುವುದನ್ನು ಕಲಿತಿದ್ದ. ಗಂಜಿಯಾದರೂ ಕುದಿಯುವಾಗ ಏನೋ ಒಂದು ಗೊಣಗುತ್ತಿತ್ತು.

ಬೇಸಿಗೆ ಕಾಲಿಟ್ಟಾಗ ಗುರುಗಳು ಹಳೆ ಕಾವಿ ಬಟ್ಟೆ ತಂದು ಆಶ್ರಮದ ದೊಡ್ಡ ಗಂಟೆಯ ನಾಲಿಗೆಗೆ ಸುತ್ತಿದರು.

“ಯಾಕೆ ಗುರುಗಳೇ?”

“ಪಕ್ಕದ ಮನೇಲಿ ಬಾಣಂತಿ ಇದಾಳೆ.”

ಶಂಭುಲಿಂಗ ಸುತ್ತ ನೋಡಿದ. ಎಲ್ಲೆಲ್ಲೂ ನೀರು. ಎದುರಿಗೊಂದು ಮರಳುದಿಣ್ಣೆ, ಅದರ ತುಂಬ ಹಳದಿ ಕೊಕ್ಕಿನ ಬಿಳಿಯ ರೀವ ಹಕ್ಕಿಗಳು. ಪಕ್ಕದ ಮನೆ ಎಲ್ಲಿಂದ ಬರಬೇಕು? ಪಾಪ, ವಯಸ್ಸಾಯಿತು ಎಂದುಕೊಂಡ.

ಮರುದಿನ ಗುರುಗಳು ಇದ್ದೊಂದು ದೋಣಿ ತೆಗೆದುಕೊಂಡು, ಕಾಯಿಲೆ ಬಿದ್ದ ಗೆಳೆಯರನ್ನು ನೋಡಲು ಆಚೆ ದಡದ ಊರಿಗೆ ಹೋದರು. ಶಂಭುಲಿಂಗ ಒಬ್ಬನೇ ಉಳಿದ. ತಾನೇ ಕೆಮ್ಮಿ, ಯಾರೋ ಬಂದರೆಂದು ತಿರುಗಿ ನೋಡುವಷ್ಟು ಒಂಟಿತನ ಅವನನ್ನು ಹಿಡಿಯಿತು.

ಆಗ ಬಂತು ಪ್ರವಾಸಿಗರ ದೋಣಿ. ಅಡುಗೆ, ಹಾಸಿಗೆ ಎಲ್ಲ ಅದರಲ್ಲೇ. ಕೆಲವು ದಿನ ಹೊಳೆಯ ಮೇಲೇ ಇದ್ದು ಹೋಗುವವರು. ಅವರಲ್ಲಿ ನರೆಗೂದಲ ಹೆಂಗಸೊಬ್ಬರು ಕೇಳಿದರು: “ನಿನ್ನ ಹೆಸರೇನಪ್ಪಾ?”

ಅವನ ಕಣ್ಣು ತುಂಬಿತು. ಹೆಸರು ಕೇಳುವವರನ್ನು ಕಂಡು ಎಷ್ಟು ಕಾಲವಾಗಿತ್ತು.

“ಇಲ್ಲಿ ನೋಡೋಕೆ ಏನಿದೆ ಶಂಭುಲಿಂಗಾ?”

ಏನೂ ಇಲ್ಲ ಎಂದರೆ ದೋಣಿ ಮುಂದೆ ಹೋಗುತ್ತದೆ. ಅವನು ಓಡಿಹೋಗಿ ಗಂಟೆಯ ಬಟ್ಟೆ ಬಿಚ್ಚಿ ಜೋರಾಗಿ ಬಾರಿಸಿದ. ದಿಣ್ಣೆಯ ಹಕ್ಕಿಗಳೆಲ್ಲ ಒಮ್ಮೆಲೇ ಮೇಲೆದ್ದು ಆಕಾಶ ಬೆಳ್ಳಗಾಯಿತು. ದೋಣಿಯಲ್ಲಿದ್ದವರು ಬೆರಗಾಗಿ ಚಪ್ಪಾಳೆ ತಟ್ಟಿದರು.

“ನಾಳೆಯೂ ಬರ್ತೀವಪ್ಪಾ” ಎಂದರು ಆ ಹೆಂಗಸು.

ಮಾತಿಗೆ ತಪ್ಪಲಿಲ್ಲ. ದಿನವೂ ಬಂದರು. ಅವರಿಗಾಗಿ ಅವನು ದಿನವೂ ಗಂಟೆ ಬಾರಿಸಿದ.

ಒಂದು ಮಧ್ಯಾಹ್ನ ದೋಣಿ ತಡವಾಯಿತು. ದೂರದಿಂದಲೇ ಕೇಳಲಿ ಎಂದು ಅವನು ಬಾರಿಸುತ್ತಲೇ ಇದ್ದ. ಗುರುಗಳು ಹಿಂದೆ ಬಂದು ನಿಂತದ್ದೂ ತಿಳಿಯಲಿಲ್ಲ.

ಗುರುಗಳು ಬೈಯಲಿಲ್ಲ. ನಾಲಿಗೆಗೆ ಮತ್ತೆ ಬಟ್ಟೆ ಸುತ್ತಿ, ಅವನನ್ನು ದೋಣಿಗೆ ಹತ್ತಿಸಿಕೊಂಡು ದಿಣ್ಣೆಗೆ ಕರೆದೊಯ್ದರು.

“ಇಳಿ. ಬರಿಗಾಲಲ್ಲಿ.”

ಇಳಿದವನು ಕುಣಿದಾಡಿಬಿಟ್ಟ. ಮರಳು ಕಾದ ಹಂಚಿನಂತೆ ಸುಡುತ್ತಿತ್ತು.

“ಈಗ ಕೆಳಗೆ ನೋಡು.”

ಅವನ ಕಾಲ ಬಳಿಯೇ ಒಂದು ಸಣ್ಣ ಗುಳಿ. ಅದರಲ್ಲಿ ಮರಳಿನ ಬಣ್ಣದ ಎರಡು ಮೊಟ್ಟೆ. ತುಸು ಆಚೆ ಇನ್ನೊಂದು ಗುಳಿ. ಅದರ ಮೊಟ್ಟೆಗಳು ಬಿರುಕುಬಿಟ್ಟು ಇರುವೆ ಮುತ್ತಿತ್ತು.

“ಮೇಲೆ ನೋಡು.”

ತಲೆಯ ಮೇಲೆ ಒಂದು ಹಕ್ಕಿ ಕೂಗುತ್ತ ಸುತ್ತುತ್ತಿತ್ತು. ಅದರ ಹೊಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹೊಳೇಲಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡ್ತಾಳೆ. ಗಂಟೆ ಹೊಡೆದಾಗೆಲ್ಲ ಹೆದರಿ ಎದ್ದು ಹೋಗ್ತಾಳೆ.”

ಬಾಣಂತಿ ಯಾರೆಂದು ಶಂಭುಲಿಂಗನಿಗೆ ಆಗ ಹೊಳೆಯಿತು. ಹೊದ್ದಿದ್ದ ಪಂಚೆ ಬಿಚ್ಚಿ ಮೊಟ್ಟೆಗಳಿಗೆ ನೆರಳು ಹಿಡಿದ.

“ಸಂಜೆವರೆಗೂ ಹೀಗೇ ನಿಂತಿರ್ತೀನಿ ಗುರುಗಳೇ. ಕಾಲು ಸುಟ್ಟರೂ ಸರಿ.”

“ನೀನು ನಿಂತಿರೋವಷ್ಟು ಹೊತ್ತೂ ಅವಳು ಇಳಿಯೋದಿಲ್ಲ.”

ಅಷ್ಟರಲ್ಲಿ ತಿರುವಿನಲ್ಲಿ ಪ್ರವಾಸಿಗರ ದೋಣಿ ಕಂಡಿತು. ದಿಣ್ಣೆಯ ಮೇಲಿದ್ದ ಅವನನ್ನು ಕಂಡು ಆ ಹೆಂಗಸು ಕೈಬೀಸಿದರು. ದೋಣಿ ಇತ್ತಲೇ ತಿರುಗಿತು.

ಶಂಭುಲಿಂಗ ಗುರುಗಳ ಮುಖ ನೋಡಿದ. ಗುರುಗಳು ನೀರು ನೋಡುತ್ತಿದ್ದರು.

“ಬೇಡ ಅಂದರೆ ಅವರು ಮತ್ತೆ ಬರೋದಿಲ್ಲ ಗುರುಗಳೇ.”

“ಬರದೇ ಇರಬಹುದು.”

ಅವನು ತುಟಿಯ ಮೇಲೆ ಬೆರಳಿಟ್ಟ. ಮತ್ತೊಂದು ಕೈಯಿಂದ, ಆಚೆ ದಡದ ಬದಿಯಿಂದ ಹೋಗಿ ಎಂದು ತೋರಿಸಿದ. ಅಂಬಿಗ ಎಂಜಿನ್ ನಿಲ್ಲಿಸಿದ. ಆ ಹೆಂಗಸಿನ ಕೈ ನಿಧಾನವಾಗಿ ಕೆಳಗಿಳಿಯಿತು. ದೋಣಿ ಸದ್ದಿಲ್ಲದೆ ಆಚೆ ದಡದ ಗುಂಟ ತೇಲಿ ಹೋಯಿತು. ಅದು ಮರೆಯಾಗುವವರೆಗೂ ಅವನು ನೋಡುತ್ತಲೇ ನಿಂತ. ಅಳು ಬಂತು.

ಆಮೇಲೆ ಪಂಚೆ ಮಡಚಿಕೊಂಡು, ಬಂದು ದೋಣಿಯಲ್ಲಿ ಗುರುಗಳ ಮುಂದೆ ಕೂತು ಹುಟ್ಟು ಹಿಡಿದ. ದಿಣ್ಣೆ ಬೆನ್ನ ಹಿಂದೆ ಉಳಿಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಕೇಳುತ್ತಿದ್ದ ಹಕ್ಕಿಯ ಕೂಗು ನಿಂತಿತು. ಇಳಿದು ಕೂತಿತೋ, ಸೋತು ಹಾರಿಹೋಯಿತೋ. ತಿರುಗಿ ನೋಡಿದರೂ ಆ ಬಿಸಿಲ ಝಳದಲ್ಲಿ ಏನೂ ಕಾಣಲಿಲ್ಲ.

“ಅವಳು ಬಂದಳೋ ಇಲ್ಲವೋ ಹೇಗೆ ತಿಳಿಯೋದು ಗುರುಗಳೇ? ಒಂದೇ ಒಂದು ಸಲ ಹೋಗಿ ನೋಡಿ ಬರಲಾ?”

“ತಿಳಿಯೋದಿಲ್ಲ ಮಗೂ. ಹುಟ್ಟು ಹಾಕು.”