ಮೂಡಣ ಎಲ್ಲೆಯ ಬಳೆ ಅಂಗಡಿ

"ಯಾರಿಂದಲೂ ತಿದ್ದಲಾಗದಂಥ ಪತ್ರ ಬರೆಯಬೇಕು, ಕರಣಿಕರೆ. ಸೂರ್ಯಚಂದ್ರರು ಇರುವತನಕ ನಿಲ್ಲಬೇಕು," ಎಂದರು ಭೈರನಾಯಕರು.

ಭೈರನಾಯಕರು ರಾಜರ ಭಾವಮೈದುನ. ಬೇರೆ ಉದ್ಯೋಗ ಇರಲಿಲ್ಲ. ಪೇಟೆಯ ಖಾಲಿ ಮೈದಾನವನ್ನು ಅಂದೇ ರಾಜರಿಂದ ಉಂಬಳಿಯಾಗಿ ಪಡೆದು, ನಲವತ್ತು ಮಳಿಗೆ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆಯಲ್ಲಿದ್ದರು.

ಕರಣಿಕ ಮಲ್ಲರಸ ಲೇಖನಿ ಎತ್ತಿಕೊಂಡ. ಆ ಪೇಟೆಯ ಕ್ರಯ, ಬಾಡಿಗೆ, ತಂಟೆ ಎಲ್ಲದರ ಪತ್ರವೂ ಅವನ ಕೈಬರಹವೇ.

"ನಾಲ್ಕು ದಿಕ್ಕಿಗೂ ಎಲ್ಲೆಕಲ್ಲು ಎಂದು ಬರೆಯಲೆ?"

"ಕಲ್ಲು ಬೇಡ. ಕಲ್ಲು ನಡೆಯುತ್ತದೆ."

ಇದು ನಾಯಕರಿಗೆ ಅನುಭವದಿಂದ ಗೊತ್ತಿತ್ತು. ನೆರೆಯವರ ಎಷ್ಟೋ ಕಲ್ಲುಗಳು ಅವರ ಅನುಕೂಲಕ್ಕೆ ನಡೆದಿದ್ದವು. ಅದು ಅತಿಯಾದಾಗ ರಾಜರು ಒಂದು ಕಟ್ಟಳೆ ಮಾಡಿದ್ದರು: ಪತ್ರದಲ್ಲಿ ಬರೆದ ಎಲ್ಲೆ ಅಳಿಸಿಹೋದರೆ ಜಾಗ ಅರಮನೆಗೆ.

ಮಲ್ಲರಸ ಬರೆದು ಓದಿದ. "ಪಡುವಲು ಕಲ್ಯಾಣಿ. ಬಡಗಲು ರಾಜಬೀದಿ. ತೆಂಕಲು ಕೋಟೆ ಗೋಡೆ. ಮೂಡಲು ಹೊನ್ನಮ್ಮನ ಬಳೆ ಅಂಗಡಿ. ಸರಿಯೆ?"

ನಾಯಕರು ತಮ್ಮ ಹೆಸರು ದಪ್ಪಕ್ಷರದಲ್ಲಿದೆಯೇ ಎಂದಷ್ಟೇ ನೋಡಿ ಮುದ್ರೆ ಒತ್ತಿಸಿದರು.

ವಾರ ಕಳೆದಿರಲಿಲ್ಲ, ನಾಯಕರು ಹೊನ್ನಮ್ಮನನ್ನು ರಾಜರ ಸಭೆಗೆ ಎಳೆತಂದರು.

"ಪ್ರಭು, ನನ್ನ ಮಳಿಗೆಗಳ ಹೆಬ್ಬಾಗಿಲು ಈಕೆಯ ಅಂಗಡಿ ಇರುವಲ್ಲೇ ಬರಬೇಕು. ಪತ್ರವಿದ್ದರೆ ತೋರಿಸಲಿ. ಇಲ್ಲದಿದ್ದರೆ ಎದ್ದು ಹೋಗಲಿ."

"ನನ್ನ ಹತ್ತಿರ ಇರುವುದು ಬಳೆ, ಪತ್ರವಲ್ಲ ಬುದ್ಧೀ," ಎಂದಳು ಹೊನ್ನಮ್ಮ. "ಮೂವತ್ತು ವರ್ಷದಿಂದ ಕೂತಿದ್ದೇನೆ. ಎದ್ದರೆ ಹೊಟ್ಟೆಗೆ ಬೇರೆ ದಾರಿಯಿಲ್ಲ."

ರಾಜರು ಮುಜುಗರದಿಂದ ಕರಣಿಕನ ಕಡೆ ನೋಡಿದರು.

"ಪತ್ರವಿಲ್ಲದವರನ್ನು ಎಬ್ಬಿಸಬಹುದು ಪ್ರಭು. ನಾಯಕರು ಹೇಳುವುದು ಸರಿ," ಎಂದ ಮಲ್ಲರಸ.

"ನೀನೂ ಅವರ ಕಡೆಯೇನಪ್ಪಾ?" ಎಂದು ಹೊನ್ನಮ್ಮ ಬಳೆಯ ಮಲಾರ ಹೆಗಲಿಗೇರಿಸಿದಳು.

"ಅಂಗಡಿಯನ್ನು ಇವತ್ತೇ ಕೆಡವಲಿ," ಎಂದು ಮಲ್ಲರಸ ಮುಂದುವರಿಸಿದ. "ಅದಕ್ಕೆ ಮೊದಲು ನಾಯಕರು ಮೈದಾನವನ್ನು ಅರಮನೆಗೆ ಒಪ್ಪಿಸಿಬಿಟ್ಟರೆ ಕೆಲಸ ಮುಗಿಯಿತು."

"ನಾನೇಕೆ ಒಪ್ಪಿಸಲಿ?"

"ನಿಮ್ಮ ಮೂಡಣ ಎಲ್ಲೆ ಆ ಅಂಗಡಿಯೇ ಅಲ್ಲವೆ? ಅಂಗಡಿ ಹೋದರೆ ಎಲ್ಲೆ ಹೋಯಿತು. ಎಲ್ಲೆ ಹೋದರೆ ಜಾಗ ಹೋಯಿತು."

"ತಿದ್ದಿ ಬರೆಯಿರಿ ಹಾಗಾದರೆ."

"ಯಾರಿಂದಲೂ ತಿದ್ದಲಾಗಬಾರದು ಎಂದವರು ನೀವೇ. ಶ್ರದ್ಧೆಯಿಂದ ಬರೆದಿದ್ದೇನೆ."

ನಾಯಕರು ಬಹಳ ಹೊತ್ತು ಪತ್ರ ನೋಡಿದರು. ಆಮೇಲೆ ಹೊನ್ನಮ್ಮನ ಕಡೆ ತಿರುಗಿದರು.

"ಅಂಗಡಿಯ ಗೋಡೆ ಬಿರುಕು ಬಿಟ್ಟ ಹಾಗಿದೆ, ತಾಯೀ. ನಾಳೆ ಗಾರೆಯವರನ್ನು ಕಳಿಸುತ್ತೇನೆ. ನೀವು ಮಾತ್ರ ಎಲ್ಲಿಗೂ ಹೋಗಬೇಡಿ."

ಅವರು ಹೋದ ಮೇಲೆ ರಾಜರು ನಗು ತಡೆದುಕೊಂಡು ಕೇಳಿದರು. "ಇಷ್ಟೆಲ್ಲ ಮಾಡುವ ಬದಲು ಹೊನ್ನಮ್ಮನಿಗೇ ಒಂದು ಪತ್ರ ಬರೆದುಕೊಡಬಹುದಿತ್ತಲ್ಲ, ಮಲ್ಲರಸ?"

"ಬರೆದಿದ್ದೇನಲ್ಲ ಪ್ರಭು. ಅವಳ ಅಂಗಡಿ ಸೋರುತ್ತದೆ. ಅದಕ್ಕೇ ಅವಳ ಪತ್ರವನ್ನು ನಾಯಕರ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿಸಿದ್ದೇನೆ."