ಮೊಂಡು ಉಳಿಗೆ ಹೂವಿನ ಹಾರ

ಮಠದಿಂದ ಹೊಳೆಗೆ ಕಲ್ಲಿನ ಮೆಟ್ಟಿಲು ಕಟ್ಟುತ್ತಿದ್ದರು. ಇಪ್ಪತ್ತೊಂದು ಮೆಟ್ಟಿಲು. ಆಗಿದ್ದದ್ದು ಎಂಟು.

ಆರಿದ್ರಾ ಮಳೆಗೆ ಒಂದು ತಿಂಗಳಿತ್ತು. ಅಷ್ಟರಲ್ಲಿ ಮುಗಿಯದಿದ್ದರೆ ಹೊಳೆ ಏರಿ ಆ ಎಂಟನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಕೆಲಸದ ಉಸ್ತುವಾರಿ ಶಿಷ್ಯ ಪರ್ವತಯ್ಯನದು. ಒಂದು ಬೆಳಗ್ಗೆ ಅವನು ಉರಿಮುಖ ಹೊತ್ತು ಗುರುಗಳ ಗುಡಿಸಲಿಗೆ ಬಂದ.

“ಬುದ್ಧಿ, ಕಲ್ಲುಕುಟಿಗರು ನಾಳೆ ಊರಿಗೆ ಹೊರಡ್ತಾರಂತೆ. ಹನ್ನೊಂದು ಜನವೂ.”

“ಯಾಕೆ?”

“ಸೋಮಾರಿಗಳು. ಬಂದ ಹೊಸದರಲ್ಲಿ ಪದ ಹೇಳ್ಕೊಂಡು ಕಲ್ಲು ಕೆತ್ತಿದರು. ಈಗ ನೋಡಿದರೆ ಸಾವಿನ ಮನೆಯಲ್ಲಿ ಕೂತಂಗೆ ಕೂತಿರ್ತಾರೆ.”

“ನೀನೇನು ಮಾಡಿದೆ?”

“ಏನು ಮಾಡಿಲ್ಲ ಅಂತ ಕೇಳಿ! ಹೊತ್ತು ಏರಿದರೆ ಬೆಲ್ಲದ ಪಾನಕ ಕೊಟ್ಟೆ. ದಿನಾ ಬೆಳಗ್ಗೆ ಸಾಲಾಗಿ ನಿಲ್ಲಿಸಿ ಕಾಯಕದ ಮಹಿಮೆ ಹೇಳಿದೆ. ಸೋಮವಾರಕ್ಕೊಬ್ಬ ಒಳ್ಳೆ ಕೆಲಸಗಾರನ್ನ ಆರಿಸಿ ಚೆಂಡುಹೂವಿನ ಹಾರ ಹಾಕಿದೆ.”

“ಆಮೇಲೆ?”

“ಹೋದ ವಾರದ ಹಾರಾನ ಮೇಕೆಗೆ ತಿನ್ನಿಸಿದರು.”

“ಮೇಕೆಗೆ ಉತ್ಸಾಹ ಬಂತಾ?”

ಪರ್ವತಯ್ಯನಿಗೆ ನಗು ಬರಲಿಲ್ಲ. “ಇನ್ನೇನು ಕೊಡಲಿ ಇವರಿಗೆ, ಬುದ್ಧಿ?”

“ಅವರನ್ನ ಕೇಳಿದೆಯಾ?”

“‘ಸಂತೋಷವಾಗಿದ್ದೀರಾ’ ಅಂತ ದಿನಾ ಕೇಳ್ತೀನಿ. ‘ಇದ್ದೀವಿ ಸ್ವಾಮಿ’ ಅಂತಾರೆ.”

ಗುರುಗಳು ಹಣೆ ಚಚ್ಚಿಕೊಂಡರು. ಕೋಲು ಹಿಡಿದು ಹೊಳೆಯ ಕಡೆ ಇಳಿದರು.

ದಡದಲ್ಲಿ ಮೇಸ್ತ್ರಿ ಯಲ್ಲಬೋವಿ ಗಂಟು ಕಟ್ಟುತ್ತಿದ್ದ. ಗುರುಗಳನ್ನು ಕಂಡು ಎದ್ದು ಕೈಮುಗಿದ.

ಗುರುಗಳು ಅವನ ಉಳಿ ಎತ್ತಿಕೊಂಡು ಹೆಬ್ಬೆರಳಿನಿಂದ ಮೊನೆ ಸವರಿದರು. ತಲೆ ಎತ್ತಿ ಮೇಲೆ ತಮ್ಮ ಗುಡಿಸಲಿನ ಪಕ್ಕದ ಹೊಂಗೆಮರದ ಕಡೆ ನೋಡಿದರು. ಆಮೇಲೆ ಉಳಿ, ಸುತ್ತಿಗೆ ಎರಡನ್ನೂ ಪರ್ವತಯ್ಯನ ಕೈಗಿಟ್ಟರು.

“ಈ ಕಲ್ಲಿನ ಅಂಚು ಒಂದು ಗೇಣು ಕೆತ್ತು. ಆಮೇಲೆ ಊಟ.”

“ನಾನಾ?”

“ಇಲ್ಲ, ಮೇಕೆ.”

ಪರ್ವತಯ್ಯ ಹೊಡೆದ. ಉಳಿ ಜಾರಿತು. ಮತ್ತೆ ಹೊಡೆದ. ಬೆರಳಿನ ಗೆಣ್ಣು ಸುಲಿಯಿತು.

“ಕಲ್ಲಿಗೆ ಕಾಯಕದ ಮಹಿಮೆ ಹೇಳಿ ನೋಡಿ, ಸ್ವಾಮಿ,” ಎಂದ ಹಿಂದಿನಿಂದ ಒಬ್ಬ ಕಲ್ಲುಕುಟಿಗ.

“ಬುದ್ಧಿ, ಈ ಉಳಿ ಮೊಂಡು.”

“ಮೊನೆ ಮಾಡಿಸಿಕೊಂಡು ಬಾ.”

ಪರ್ವತಯ್ಯ ಕಮ್ಮಾರನ ಕುಲುಮೆಗಾಗಿ ಅದೇ ಹೊಂಗೆಮರದ ಕಡೆ ನೋಡಿದ. ಇರಲಿಲ್ಲ. ಆಗ ನೆನಪಾಯಿತು. ತಿಂಗಳ ಹಿಂದೆ ತಾನೇ ಅದನ್ನು ಕೀಳಿಸಿ ಗುಡ್ಡದಾಚೆಗೆ ಹಾಕಿಸಿದ್ದ.

ಬಿಸಿಲಲ್ಲಿ ಗುಡ್ಡ ಹತ್ತಿ ಇಳಿದ. ಕಮ್ಮಾರ ಉಳಿಯನ್ನು ಕಾಸಿ ಬಡಿದುಕೊಟ್ಟ. ಹಿಂದಿರುಗಿ ನಾಲ್ಕು ಬೆರಳಗಲ ಕೆತ್ತಿದ. ಉಳಿ ಮತ್ತೆ ಜಾರತೊಡಗಿತು.

“ಬುದ್ಧಿ, ಮತ್ತೆ ಮೊಂಡಾಯಿತು.”

“ಗುಡ್ಡ ಅಲ್ಲೇ ಇದೆ.”

ಎರಡನೇ ಸಲ ಬರುವ ಹೊತ್ತಿಗೆ ಊಟದ ಹೊತ್ತು ದಾಟಿತ್ತು. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಗುರುಗಳು ಎದ್ದು ನಿಂತು ಅಷ್ಟರಲ್ಲಿ ತರಿಸಿಟ್ಟಿದ್ದ ಚೆಂಡುಹೂವಿನ ಹಾರವನ್ನು ಅವನ ಕೊರಳಿಗೆ ಹಾಕಿದರು. ಲೋಟದಲ್ಲಿ ಪಾನಕ ಕೊಟ್ಟರು.

“ನೆಟ್ಟಗೆ ನಿಲ್ಲು. ಕಾಯಕದ ಮಹಿಮೆ ಹೇಳ್ತೀನಿ.”

“ಬುದ್ಧಿ!”

“ಸಂತೋಷವಾಗಿದ್ದೀಯಾ?”

ಪರ್ವತಯ್ಯ ಹಾರ ಕಿತ್ತು ಎಸೆದ. ಮೇಕೆ ಓಡಿಬಂತು.

ಯಾರೂ ನಗಲಿಲ್ಲ. ಪರ್ವತಯ್ಯ ಕಲ್ಲಿನ ಮೇಲೆ ಕುಸಿದು ಕೂತ. ಯಲ್ಲಬೋವಿಯನ್ನು ಕೇಳಿದ:

“ದಿನಕ್ಕೆ ಎಷ್ಟು ಸಲ ಹೋಗ್ತೀರಿ?”

“ಹೋದರೆ ಹೊತ್ತು ಕೆಡ್ತದೆ. ಹೋಗದಿದ್ದರೆ ಕಲ್ಲು ಕೆಡ್ತದೆ. ನಮ್ಮಪ್ಪ ಕೆತ್ತಿದ ಮೆಟ್ಟಿಲ ಮೇಲೆ ಜನ ಇವತ್ತಿಗೂ ಇಳೀತಾರೆ, ಸ್ವಾಮಿ. ಇಂಥ ಕಲ್ಲು ಇಟ್ಟು ಹೆಸರು ಕೆಡಿಸ್ಕೊಳ್ಳೋಕಿಂತ ಊರಿಗೆ ಹೋಗೋದೇ ವಾಸಿ.”

“ಮೊದಲೇ ಹೇಳಬಾರದಿತ್ತಾ?”

“ಕುಲುಮೆ ಸದ್ದು ಬುದ್ಧಿಯವರ ಧ್ಯಾನಕ್ಕೆ ಅಡ್ಡಿ ಅಂತ ತೆಗೆಸಿದಿರಿ. ಅದಕ್ಕೆ ಎದುರಾಡೋಕಾಗ್ತದಾ?”

ಗುರುಗಳ ಕೋಲು ನೆಲಕ್ಕೆ ಬಡಿಯಿತು.

“ಯಾರ ಧ್ಯಾನಕ್ಕೆ?”

“ತಮ್ಮ... ತಮ್ಮ ಧ್ಯಾನಕ್ಕೆ, ಬುದ್ಧಿ.”

“ನಾನು ಹೇಳಿದ್ದೆನಾ?”

“ಇಲ್ಲ.”

“ನೀನು ಕೇಳಿದ್ದೆಯಾ?”

ಗುರುಗಳು ಗೊಣಗುತ್ತ ಮೇಲಕ್ಕೆ ಹತ್ತಿ ಹೋದರು.

ಕುಲುಮೆಯ ಹಳೆಯ ಜಾಗ ಗುರುಗಳ ಗುಡಿಸಲಿನ ಪಕ್ಕದ ಹೊಂಗೆಮರದ ಕೆಳಗೆ. ಸಂಜೆಯೊಳಗೆ ಕಮ್ಮಾರನ ಗಾಳಿಯೂದುವ ತಿದಿಯನ್ನು ಪರ್ವತಯ್ಯ ತಾನೇ ತಲೆಯ ಮೇಲೆ ಹೊತ್ತು ತಂದ. ಕಬ್ಬಿಣ ಬಡಿಯುವ ಅಡಿಗಲ್ಲು ಗಾಡಿಯಲ್ಲಿ ಬಂತು. ಯಲ್ಲಬೋವಿ ಅಡಿಗಲ್ಲನ್ನು ನೋಡಿದ, ಪರ್ವತಯ್ಯನ ಸುಲಿದ ಬೆರಳು ನೋಡಿದ. ಕಟ್ಟಿದ ಗಂಟು ಬಿಚ್ಚಿದ.

ಮರುದಿನ ಬೆಳಗ್ಗೆ ಠಣ್ ಠಣ್ ಎಂದು ಸದ್ದು ಎದ್ದಿತು. ಕುಲುಮೆಯ ಮುಂದೆ ಉಳಿಗಳು ಸಾಲಾಗಿ ಬಿದ್ದಿದ್ದವು. ಹೊತ್ತು ಏರುವಷ್ಟರಲ್ಲಿ ದಡದ ಕಡೆಯಿಂದ ಯಾರೋ ಪದ ಎತ್ತಿದರು. ಉಳಿದವರು ದನಿಗೂಡಿಸಿದರು.

ಪರ್ವತಯ್ಯನಿಗೆ ಮಾತ್ರ ಜೀವ ತಡೆಯಲಿಲ್ಲ. ಮೆಲ್ಲಗೆ ಗುಡಿಸಲಿನ ಬಾಗಿಲಿಗೆ ಬಂದ. ಗುರುಗಳು ಕಣ್ಣು ಮುಚ್ಚಿ ಕೂತಿದ್ದರು.

“ಬುದ್ಧಿ, ಈ ಸದ್ದು...”

ಗುರುಗಳು ಕಣ್ಣು ತೆರೆಯಲಿಲ್ಲ.

“ನಿಂತರೆ ಬಂದು ಎಬ್ಬಿಸು.”